ರತ್ನತ್ತೆಯ ನಡುಗಡ್ಡೆಗಳು

ನಾನು ಕನ್ನಡ ಓದಲು ಕಲಿತದ್ದು ಕೊಲೆಯ ಕಾದಂಬರಿಗಳಿಂದ. ಶಾಲೆಯಲ್ಲಿ ಹಿಂದಿ, ಇಂಗ್ಲಿಷು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಅರ್ಧ ಹಿಂದಿ ಬೆರೆಸಿ ಉತ್ತರ ಕೊಡುತ್ತಿದ್ದೆ. ಕನ್ನಡದ ಅಕ್ಷರಗಳೆಂದರೆ ತಿಪಟೂರಿನಿಂದ ಬರುತ್ತಿದ್ದ ಲಗ್ನಪತ್ರಿಕೆಗಳ ಮೇಲಿನ ದುಂಡು ದುಂಡು ಚಿತ್ರಗಳು, ಅಷ್ಟೆ. ಹನ್ನೊಂದನೇ ವಯಸ್ಸಿನ ಬೇಸಿಗೆಯಲ್ಲಿ, ಎರಡೇ ತಿಂಗಳಲ್ಲಿ, ಅವು ಒಂದಕ್ಕೊಂದು ಕೂಡಿಕೊಂಡು ಮಾತಾಡತೊಡಗಿದವು. ಆಡಿದ ಮೊದಲ ಮಾತುಗಳಲ್ಲೇ 'ಹೆಣ', 'ದೋಣಿ', 'ನಡುಗಡ್ಡೆ' ಇದ್ದವು. ಕಲಿಸಿದವಳು ಅಪ್ಪನ ತಂಗಿ ರತ್ನತ್ತೆ. ಆ ಬೇಸಿಗೆಯ ಭಯ ನನ್ನ ಮೈಯೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದರೆ, ಇವತ್ತಿಗೂ ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲು ಸದ್ದಾದರೆ ಮೊದಲು ಉಸಿರು ಬಿಗಿಹಿಡಿಯುತ್ತೇನೆ, ಆಮೇಲೆ ಏಳುತ್ತೇನೆ.

ನಾವಿದ್ದದ್ದು ದಿಲ್ಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಮೊದಲನೇ ಮಹಡಿಯಲ್ಲಿ. ಮುಂದೊಂದು ಕೋಣೆ, ಒಳಗೊಂದು ಕೋಣೆ, ಅಡುಗೆಮನೆ, ಅದರ ಹಿಂದೆ ಬಟ್ಟೆ ಒಣಗಿಸುವ ಬಾಲ್ಕನಿ. ಮುಂಬಾಗಿಲು ಎರಡು: ಒಳಗೆ ಮರದ್ದು, ಹೊರಗೆ ಕಬ್ಬಿಣದ ಜಾಲರಿಯದು. ಆ ಎರಡನೆಯದಕ್ಕೆ ನಾವೂ ದಿಲ್ಲಿಯವರಂತೆ ಜಾಲಿ ಅನ್ನುತ್ತಿದ್ದೆವು. ಅಪ್ಪ ಒಂದು ಸಚಿವಾಲಯದಲ್ಲಿ ಗುಮಾಸ್ತ, ಅಮ್ಮ ಆರ್.ಕೆ. ಪುರಂನ ಕಚೇರಿಯೊಂದರಲ್ಲಿ ಟೈಪಿಸ್ಟ್. ಇಬ್ಬರೂ ಬೆಳಿಗ್ಗೆ ಚಾರ್ಟರ್ಡ್ ಬಸ್ಸು ಹತ್ತಿದರೆ ಬರುವುದು ಸಂಜೆ ಆರೂವರೆಗೆ. ಹೋಳಿ ಮುಗಿದ ವಾರ ರತ್ನತ್ತೆ ಬಂದಳು. ಎರಡು ರಾತ್ರಿ ರೈಲಿನಲ್ಲಿ ಕೂತು ಬಂದವಳ ಕಾಲಲ್ಲಿ ಮನೆಯೊಳಗೆ ಹಾಕಿಕೊಳ್ಳುವ ಹವಾಯಿ ಚಪ್ಪಲಿ ಇತ್ತು. ಅಮ್ಮ ಆ ಕಾಲುಗಳನ್ನು ನೋಡಿದಳು, ಸ್ನಾನಕ್ಕೆ ನೀರು ಕಾಯಲು ಇಟ್ಟಳು. ಆ ಸಂಜೆಯೇ ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡು ಹೊಸ ನಿಯಮಗಳನ್ನು ಹೇಳಿದ. ಜಾಲಿಯ ಬೋಲ್ಟು ಯಾರಿಗೂ ತೆಗೆಯಕೂಡದು. ಫೋನಿನಲ್ಲಿ ಯಾರೇ ಕೇಳಿದರೂ ಅತ್ತೆ ಇಲ್ಲಿಲ್ಲ ಎನ್ನಬೇಕು.

"ಕ್ಯೂಂ? ಯಾಕೆ?" ಎಂದೆ.

"ಹೇಳಿದಷ್ಟು ಕೇಳು," ಎಂದ ಅಪ್ಪ.

ಅತ್ತೆಗೆ ಹಿಂದಿ ಬರುತ್ತಿರಲಿಲ್ಲ. ಹೊರಗೆ ಹೋಗುತ್ತಿರಲಿಲ್ಲ. ಪಾತ್ರೆ, ಬಟ್ಟೆ, ಅಡುಗೆ ಎಲ್ಲ ಹತ್ತು ಗಂಟೆಗೆ ಮುಗಿಸಿ ಆಮೇಲೆ ಏನು ಮಾಡುವುದೆಂದು ತಿಳಿಯದೆ ಗೋಡೆಗೆ ಒರಗಿ ಕೂರುತ್ತಿದ್ದಳು. ಅವಳ ಓದುವ ಹುಚ್ಚು ನೆನಪಾಗಿ ಅಪ್ಪ ಒಂದು ಭಾನುವಾರ ಪುಸ್ತಕಗಳನ್ನು ತಂದ. ನಮ್ಮ ಕಡೆಯವರು ಕೆಲವರು ಸೇರಿ ಯಾರದೋ ಗ್ಯಾರೇಜಿನಲ್ಲಿ ಎರಡು ಕಬ್ಬಿಣದ ಬೀರು ಇಟ್ಟು ಲೈಬ್ರರಿ ನಡೆಸುತ್ತಿದ್ದರು. ಒಳ್ಳೆಯ ಪುಸ್ತಕಗಳನ್ನೆಲ್ಲ ಜನ ಒಯ್ದು ವಾಪಸು ಕೊಡದೆ ಇದ್ದುದರಿಂದ ಉಳಿದಿದ್ದವು ಹಳೆಯ ಪತ್ತೇದಾರಿ ಕಾದಂಬರಿಗಳು. ಅಂಗೈಯಷ್ಟಗಲ, ಹಳದಿ ಹಾಳೆ, ರಟ್ಟಿನ ಮೇಲೆ ಚಂದ್ರ, ಬಂಡೆ, ಚಾಕು ಹಿಡಿದ ಕೈ. ಅದೇನೋ, ಅವುಗಳಲ್ಲಿ ಅರ್ಧಕ್ಕರ್ಧ ನಡುಗಡ್ಡೆಯ ಮೇಲೆ ನಡೆಯುವಂಥವೇ. ಯಾವುದೋ ಪರದೇಶದ ಕಥೆಯನ್ನು ಎತ್ತಿ ಕಾರವಾರದ ಆಚೆಯ ಸಮುದ್ರದಲ್ಲಿ ಇಟ್ಟಂತಿರುತ್ತಿತ್ತು. ಶ್ರೀಧರ, ಮೋಹಿನಿ ಎಂಬ ಹೆಸರಿನವರು ಉದ್ದ ಕೋಟು ಹಾಕಿಕೊಂಡು ಅಗ್ಗಿಷ್ಟಿಕೆಯ ಮುಂದೆ ಕೂತಿರುತ್ತಿದ್ದರು. ನಾನು ಸಮುದ್ರವನ್ನೇ ನೋಡಿರಲಿಲ್ಲ. ನಡುಗಡ್ಡೆ ಅಂದರೇನೆಂದು ಕೇಳಿದಾಗ ಅತ್ತೆ ಹಿಟ್ಟು ಕಲಸುವ ಪರಾತಕ್ಕೆ ನೀರು ಸುರಿದು ನಡುವೆ ಒಂದು ಬಟ್ಟಲನ್ನು ಬೋರಲು ಹಾಕಿದಳು.

"ಇದರ ಮೇಲೆ ಒಂದು ಇರುವೆ ಇದೆ ಅಂದ್ಕೋ. ಎಲ್ಲಿಗೆ ಹೋಗುತ್ತೆ ಹೇಳು?"

ಎಲ್ಲಿಗೂ ಹೋಗುವಂತಿರಲಿಲ್ಲ.

ಮೊದಮೊದಲು ಅವಳೇ ಓದಿ ಹೇಳುತ್ತಿದ್ದಳು. ಮೇ ತಿಂಗಳ ರಜೆ ಬರುವ ಹೊತ್ತಿಗೆ ಬೆರಳಿಟ್ಟುಕೊಂಡು ನಾನು ಓದುವುದು, ಅವಳು ಕೇಳುವುದು ಎಂದಾಯಿತು. ಒಳಕೋಣೆಯ ಕಿಟಕಿಗೆ ಕೂಲರ್ ಗುಡುಗುಡು ಎನ್ನುತ್ತಿರುತ್ತಿತ್ತು. ಪರದೆಗಳನ್ನೆಲ್ಲ ಎಳೆದು, ನೆಲ ಒರೆಸಿ, ಆ ತಂಪಿನ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆವು. ಯಾವಾಗಲೂ ನಾನು ಅವಳ ಬಲಗಡೆಗೇ ಇರಬೇಕು. ಎಡಗಿವಿ ಅವಳಿಗೆ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆಂದು ನಾನು ತಿಳಿದಿದ್ದೆ. ಕರೆಂಟು ಹೋದರೆ ಕೂಲರ್ ನಿಂತು ಮನೆ ಒಮ್ಮೆಲೆ ನಿಶ್ಶಬ್ದವಾಗುತ್ತಿತ್ತು, ಮೆಟ್ಟಿಲ ಮೇಲೆ ಯಾರೋ ಹತ್ತುವ ಸಪ್ಪಳ ಕೇಳುತ್ತಿತ್ತು. ಇಬ್ಬರೂ ಓದು ನಿಲ್ಲಿಸಿ ಆ ಹೆಜ್ಜೆ ಎರಡನೇ ಮಹಡಿಗೆ ಹೋಯಿತೆಂದು ಖಾತ್ರಿಯಾಗುವವರೆಗೂ ಸುಮ್ಮನಿರುತ್ತಿದ್ದೆವು. ಒಂದು ಪುಸ್ತಕದಲ್ಲಿ ದೀಪಸ್ತಂಭ ಕಾಯುವವನು ಸತ್ತು ಮೂರು ದಿನವಾಗಿದ್ದರೂ ಸಂಜೆಯಾದರೆ ದೀಪ ಹೊತ್ತಿಕೊಳ್ಳುತ್ತಿತ್ತು. ಅದನ್ನು ಓದಿದ ವಾರ ನಾನು ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ಅತ್ತೆ ಬಾಗಿಲ ಹೊರಗೆ ನಿಂತು ಏನಾದರೂ ಮಾತಾಡುತ್ತಲೇ ಇರಬೇಕಿತ್ತು, ಅವಳು ನನಗಾಗಿ ಹುಳಿಪುಡಿ ಮಾಡುವ ಕ್ರಮವನ್ನು ಜೋರಾಗಿ ಹೇಳುತ್ತಿದ್ದಳು. ಇನ್ನೊಂದು ಪುಸ್ತಕ ಅದಕ್ಕಿಂತ ಕೆಟ್ಟದ್ದು. ಮದುವೆಗೆಂದು ನಡುಗಡ್ಡೆಗೆ ಹೋದವರ ದೋಣಿಯ ಹಗ್ಗವನ್ನು ಯಾರೋ ಕತ್ತರಿಸಿಬಿಟ್ಟಿರುತ್ತಾರೆ. ಕತ್ತರಿಸಿದವನು ಹೊರಗಿನವನಲ್ಲ, ಎಲ್ಲರ ಜೊತೆ ಊಟಕ್ಕೆ ಕೂತಿದ್ದಾನೆ, ಪಕ್ಕದವರಿಗೆ ತುಪ್ಪ ಬಡಿಸುತ್ತಿದ್ದಾನೆ. ಆ ರಾತ್ರಿ ನಮ್ಮ ಮನೆಯ ಊಟದಲ್ಲಿ ನಾನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತೆ. ಸಾರು ಆರಿಹೋಯಿತು.

ಅತ್ತೆಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಪುಸ್ತಕ ಕೈಗೆ ಬಂದ ಕೂಡಲೇ ಕೊನೆಯ ಪುಟ ಓದಿ, ಕೊಲೆಗಾರ ಯಾರೆಂದು ತಿಳಿದುಕೊಂಡು, ಆಮೇಲೆ ಮೊದಲಿನಿಂದ ಶುರುಮಾಡುತ್ತಿದ್ದಳು. ಅದು ಮೋಸವೆಂದು ನಾನು ಜಗಳ ತೆಗೆದೆ.

"ಯಾರು ಅಂತ ಗೊತ್ತಾಗಿಬಿಟ್ರೆ ಭಯವೇ ಇರಲ್ವಲ್ಲ ಅತ್ತೆ."

"ಗೊತ್ತಾದ್ಮೇಲೇ ಕಣೆ ಭಯ," ಎಂದಳು ಅವಳು. "ಯಾವಾಗ ಎದ್ದು ನಿಲ್ತಾನೆ ಅಂತ ಕಾಯ್ತಾ ಕೂರ್ಬೇಕಲ್ಲ."

ನನಗೆ ಅದು ಅರ್ಥವಾಗಲಿಲ್ಲ. ನನ್ನ ಭಯ ಬೇರೆ ಥರದ್ದು. ಯಾರೆಂದು ಗೊತ್ತಿಲ್ಲದುದರಿಂದ ನನಗೆ ಎಲ್ಲರ ಮೇಲೂ ಅನುಮಾನ: ಕೂಲರಿಗೆ ಹುಲ್ಲಿನ ಪ್ಯಾಡು ಬದಲಿಸಲು ಬರುವ ಭಯ್ಯಾ, ಹಳೇ ಪೇಪರಿನವನು, ಇಸ್ತ್ರಿಯವನು. ಜಾಲಿಯ ಆಚೆ ನಿಂತವರು ಹಿಂದಿಯಲ್ಲಿ ಮಾತಾಡಿದರೆ ಬೋಲ್ಟಿನ ಮೇಲೆ ಕೈಯಿಟ್ಟು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಮನೆಯೊಳಗೆ ನನ್ನ ಅನುಮಾನವೆಲ್ಲ ಅಮ್ಮನ ಮೇಲೆ. ಒಂದು ಸಂಜೆ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿ ಅಪ್ಪನಿಗೆ ಅವಳು ಹೇಳಿದ್ದು ಕೇಳಿಸಿತ್ತು.

"ಎಷ್ಟು ದಿನ ಅಂತ ಹೀಗೆ ಬಚ್ಚಿಟ್ಟುಕೊಂಡಿರೋದು ರೀ? ಏನಾದ್ರೂ ಒಂದು ದಾರಿ ಮಾಡಿ."

"ಮಾಡೋಣ," ಎಂದಿದ್ದ ಅಪ್ಪ. ಅವನ ದನಿ ಮೆತ್ತಗಿತ್ತು. ಅಮ್ಮನದು ಗಡುಸು. ಗಡುಸು ದನಿಯವಳೇ ಅತ್ತೆಯನ್ನು ಹೊರಹಾಕುತ್ತಾಳೆಂದು ನಾನು ತೀರ್ಮಾನಿಸಿ, ಆ ವಾರವೆಲ್ಲ ಅಮ್ಮನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅದು ಜೂನ್ ತಿಂಗಳ ಒಂದು ಮಧ್ಯಾಹ್ನ. ಅತ್ತೆ ತಲೆಗೆ ನೀರು ಹಾಕಿಕೊಳ್ಳಲು ಹೋಗಿದ್ದಳು. ನಾನು ಚಾಪೆಯ ಮೇಲೆ, ದೋಣಿಯೊಂದು ಕಣ್ಮರೆಯಾಗುವ ಹೊಸ ಪುಸ್ತಕ ಓದುತ್ತಿದ್ದೆ. ಬಾಗಿಲು ಸದ್ದಾಯಿತು, ಎರಡೇ ಸಲ, ಮೆಲ್ಲಗೆ. ಮರದ ಬಾಗಿಲು ತೆರೆದು ನೋಡಿದರೆ ಜಾಲಿಯ ಆಚೆ ಬಿಳಿ ಅಂಗಿ ತೊಟ್ಟ, ತಲೆ ನೀಟಾಗಿ ಬಾಚಿದ ಒಬ್ಬರು. ಕೈಯಲ್ಲಿ ಸಿಹಿಯ ಡಬ್ಬ.

"ಏನಮ್ಮ, ವೀಣಾ ಅಲ್ವಾ ನೀನು? ಎಷ್ಟು ಎತ್ತರ ಬೆಳೆದಿದ್ದೀಯ," ಎಂದರು ನಗುತ್ತ.

ಕನ್ನಡ. ದಿಲ್ಲಿಯಲ್ಲಿ ಬಾಗಿಲಿಗೆ ಬಂದು ಕನ್ನಡ ಮಾತಾಡುವವರೆಂದರೆ ನಮ್ಮವರು. ಅವರನ್ನು ಒಳಗೆ ಕರೆದು ಮೊದಲು ನೀರು ಕೊಡಬೇಕು, ಆಮೇಲೆ ಯಾವ ಊರೆಂದು ಕೇಳಬೇಕು. ಹಾಗೆ ಬೆಳೆದಿದ್ದೆ ನಾನು. ಆದರೂ ಕೈ ಬೋಲ್ಟಿನ ಹತ್ತಿರ ನಿಂತಿತು.

"ಅಪ್ಪ ಆಫೀಸಿಗೆ ಹೋಗಿದ್ದಾರೆ."

"ಗೊತ್ತಮ್ಮ. ವಿಳಾಸ ಕೊಟ್ಟಿದ್ದೇ ನಿಮ್ಮಪ್ಪ. ನಡಕೊಂಡು ಬಂದೆ, ಏನು ಬಿಸಿಲು ನಿಮ್ಮೂರಲ್ಲಿ."

ನಾನು ಬೋಲ್ಟು ತೆಗೆದೆ. ಅವರು ಚಪ್ಪಲಿಯನ್ನು ಗೋಡೆಗೆ ಜೋಡಿಸಿಟ್ಟು ಒಳಗೆ ಬಂದು ಬೆತ್ತದ ಕುರ್ಚಿಯ ಮೇಲೆ ಕೂತರು. ಕೊಟ್ಟ ನೀರನ್ನು ಪೂರ್ತಿ ಕುಡಿದು, ಲೋಟವನ್ನು ನನ್ನ ಕೈಗೇ ವಾಪಸು ಕೊಟ್ಟರು. ಅಷ್ಟರಲ್ಲಿ ಅತ್ತೆ ತಲೆಗೆ ಟವೆಲು ಸುತ್ತಿಕೊಂಡು ಬಂದಳು. ಅವಳು ಕೂಗಲಿಲ್ಲ. ಅವಳ ಎಡಗೈ ಮೇಲಕ್ಕೆದ್ದು ಎಡಗಿವಿಯನ್ನು ಮುಚ್ಚಿಕೊಂಡಿತು. ಅವರು ಕುರ್ಚಿಯಿಂದ ಅಲುಗಾಡಿಯೂ ಇರಲಿಲ್ಲ. ಆ ಕೈಯನ್ನು ನೋಡಿ ನನಗೆ ಎಲ್ಲವೂ ಗೊತ್ತಾಯಿತು: ಇವರು ಅತ್ತೆಯ ಗಂಡ, ಆ ಕಿವಿ ಹುಟ್ಟಿನಿಂದ ಕೆಟ್ಟದ್ದಲ್ಲ, ಮತ್ತು ಬಾಗಿಲು ತೆಗೆದವಳು ನಾನು.

"ಬಂದ್ರಾ," ಎಂದಳು ಅತ್ತೆ. ಎರಡು ತಿಂಗಳು ಕೊಲೆಗಾರರ ಮಾತುಗಳನ್ನೆಲ್ಲ ದನಿ ಬದಲಿಸಿ ಓದಿ ಹೇಳಿದವಳ ದನಿ ಅದಾಗಿರಲಿಲ್ಲ. "ಕಾಫಿ ಮಾಡ್ತೀನಿ."

"ಮಾಡು. ಕುಡಿದು ಬಟ್ಟೆ ತುಂಬಿಕೋ. ಸಂಜೆ ಗಾಡಿಗೆ ಟಿಕೆಟ್ ಮಾಡಿಸಿದ್ದೀನಿ, ಇಬ್ಬರಿಗೂ."

"ಅಣ್ಣ ಬರಲಿ."

"ಅಣ್ಣನಿಗೆ ಹೇಳಿಯೇ ಬಂದಿರೋದು."

ಹೀಗೆಂದು ಅವರು ಎದ್ದು ಹೋಗಿ ಮರದ ಬಾಗಿಲು ಹಾಕಿ ಮೇಲಿನ ಚಿಲಕವನ್ನು ಸರಿಸಿದರು. ಸದ್ದೂ ಆಗದಂತೆ ಸರಿಸಿದರು. ಮತ್ತೆ ಬಂದು, ಕುರ್ಚಿಯನ್ನು ಸ್ವಲ್ಪ ಎಳೆದುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತರು.

ಅಡುಗೆಮನೆಯಲ್ಲಿ ಅತ್ತೆ ಗ್ಯಾಸ್ ಲೈಟರನ್ನು ಒತ್ತುತ್ತಿದ್ದಳು. ಕಿಡಿ ಬರುತ್ತಿತ್ತು, ಒಲೆ ಹೊತ್ತುತ್ತಿರಲಿಲ್ಲ. ಗುಂಡಿ ತಿರುಗಿಸುವುದನ್ನೇ ಮರೆತಿದ್ದಳು. ನಾನು ತಿರುಗಿಸಿದೆ. ಅವಳ ಒದ್ದೆ ಕೂದಲಿಂದ ನೀರು ತೊಟ್ಟಿಕ್ಕಿ ರವಿಕೆಯ ಬೆನ್ನೆಲ್ಲ ಒದ್ದೆಯಾಗಿತ್ತು. ಅವಳು ನನ್ನನ್ನು ಬೈದಿದ್ದರೆ, ಅತ್ತಿದ್ದರೆ, ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವಳು ಲೋಟಗಳನ್ನು ತೊಳೆದು ಒರೆಸಿ ಸಾಲಾಗಿ ಇಡುತ್ತಿದ್ದಳು, ಈಗಾಗಲೇ ಗಂಡನ ಮನೆಗೆ ಹೊರಟುಹೋದವಳ ಹಾಗೆ. ನಾನು ಬಾಲ್ಕನಿಗೆ ಹೋದೆ. ನಮ್ಮ ಮೇಲಿನ ಮನೆ ನೇಗಿ ಆಂಟಿಯವರದು. ಗಢವಾಲದ ಕಡೆಯವರು, ಮಾತು ಜೋರು, ಎಲ್ಲರ ಮನೆಯ ವಿಷಯಕ್ಕೂ ಬರುತ್ತಾರೆಂದು ಅಮ್ಮ ಅವರನ್ನು ದೂರವೇ ಇಟ್ಟಿದ್ದಳು. ಜೋರಾಗಿ ಕೂಗಿದರೆ ಮುಂಕೋಣೆಗೆ ಕೇಳಿಸುತ್ತಿತ್ತು. ಮೂಲೆಯಲ್ಲಿದ್ದ ಬಟ್ಟೆ ಹರವುವ ಕೋಲನ್ನು ತೆಗೆದುಕೊಂಡು ಮೇಲಿನ ಬಾಲ್ಕನಿಯ ಕಂಬಿಗೆ ಬಡಿದೆ. ಆಂಟಿ ಬಗ್ಗಿ ನೋಡಿ ಏನಾಯಿತೆಂದು ಕೇಳಿದರು.

"ಕ್ಯಾ ಹುವಾ ಬೇಟಾ?"

"ಆಂಟೀ, ಥೋಡಾ ದೂಧ್ ಮಿಲೇಗಾ?" ಎಂದೆ. ಮುಂಕೋಣೆಯಿಂದ ಅತ್ತೆಯ ಗಂಡ ಕೂಗಿದರು.

"ಯಾರ ಹತ್ರ ಮಾತಾಡ್ತಿದ್ದೀಯಮ್ಮ?"

"ಮೇಲ್ಗಡೆ ಆಂಟಿ. ಕಾಫಿಗೆ ಹಾಲು ಕೇಳ್ತಿದ್ದೀನಿ."

ಒಲೆಯ ಪಕ್ಕ ಹಾಲಿನ ಪಾತ್ರೆ ತುಂಬಿತ್ತು. ಅತ್ತೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು. ಅದೇ ದನಿಯಲ್ಲಿ, ಹಾಲು ಕೇಳುವ ದನಿಯಲ್ಲೇ, ನಾನು ಹಿಂದಿಯಲ್ಲಿ ಬೇಗ ಬೇಗ ಮುಂದುವರಿಸಿದೆ: ಅತ್ತೆಯ ಗಂಡ ಬಂದಿದ್ದಾನೆ, ಹೊಡೆಯುತ್ತಾನೆ, ಎಳೆದುಕೊಂಡು ಹೋಗುತ್ತಾನೆ, ಒಳಗಿಂದ ಚಿಲಕ ಹಾಕಿದ್ದಾನೆ, ಅವನಿಗೆ ಹಿಂದಿ ಬರುವುದಿಲ್ಲ, ನೀವು ಬನ್ನಿ. ಕೂಲರಿನ ಗುಡುಗಿನಲ್ಲಿ ಮುಂಕೋಣೆಯಲ್ಲಿದ್ದವರಿಗೆ ಹಾಲೆಂಬುದೊಂದೇ ಕೇಳಿಸಿರಬೇಕು. ನೇಗಿ ಆಂಟಿಯ ಮುಖ ಒಂದು ಕ್ಷಣವೂ ಬದಲಾಗಲಿಲ್ಲ.

"ಅಚ್ಛಾ, ಲಾತೀ ಹೂಂ," ಎಂದರು, ತರುತ್ತೇನೆ ಎಂದು.

ಆಮೇಲಿನ ಐದು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಬದುಕಿನಲ್ಲಿ ಮತ್ತೆ ಕಂಡಿಲ್ಲ. ಆಂಟಿ ಸುಮ್ಮನೆ ಹಾಲು ಕೊಟ್ಟು ಹೊರಟುಹೋದರೆ? ಅವರಿಗೆ ನನ್ನ ಮಾತು ಮಕ್ಕಳ ತಮಾಷೆ ಅನ್ನಿಸಿದ್ದರೆ? ಅತ್ತೆ ಒಳಕೋಣೆಗೆ ಹೋಗಿ ಏರ್‌ಬ್ಯಾಗಿಗೆ ಸೀರೆ ಮಡಿಸಿ ಇಡತೊಡಗಿದ್ದಳು. ಅವಳ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಚಾಪೆಯ ಮೇಲೆ ಬಿದ್ದಿದ್ದ ಪುಸ್ತಕವನ್ನು ಕಾಲ ಬೆರಳಿನಿಂದ ತಿರುಗಿಸಿ ರಟ್ಟು ನೋಡಿದರು.

"ಇಲ್ಲಿಗೆ ಬಂದು ಇದನ್ನ ಓದ್ತಾ ಕೂತಿದ್ದೀಯ," ಎಂದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ದನಿಯ ನಯ ಹೋಗಿತ್ತು. ಅತ್ತೆಯ ಕೈ ಮತ್ತೆ ಕಿವಿಗೆ ಹೋಯಿತು.

ಆಗ ಬಾಗಿಲು ಬಡಿದ ಸದ್ದಾಯಿತು. ಮೆಲ್ಲಗಲ್ಲ. ಬಡಿದು, ನಿಲ್ಲಿಸದೆ, ನೇಗಿ ಆಂಟಿ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಎದುರು ಮನೆಯ ಜಾಲಿ ತೆರೆದ ಕಿರ್ ಸದ್ದು, ಕೆಳಗಿನ ಮನೆಯ ಅಜ್ಜಿ ಯಾರೆಂದು ಕೇಳುತ್ತಿದ್ದುದು, ಎಲ್ಲ ಒಂದರ ಮೇಲೊಂದು. ನಾನು ಓಡಿದೆ, ಆದರೆ ಮೇಲಿನ ಚಿಲಕ ನನ್ನ ಕೈಗೆ ಎಟುಕುತ್ತಿರಲಿಲ್ಲ. ಅವರು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಆ ಹಿಡಿತ ಎರಡು ದಿನ ನೋಯುತ್ತಿತ್ತು. ನಾನು ಕಿರುಚಿದೆನೋ ಏನೋ, ನೆನಪಿಲ್ಲ. ನೆನಪಿರುವುದು ಇಷ್ಟು: ರತ್ನತ್ತೆ ಒಳಕೋಣೆಯಿಂದ ನೇರವಾಗಿ ನಡೆದು ಬಂದಳು, ಗಂಡನನ್ನು ದಾಟಿದಳು, ಅವರು ಅವಳ ಮಣಿಕಟ್ಟು ಹಿಡಿದರೂ ನಿಲ್ಲದೆ ಇನ್ನೊಂದು ಕೈಯಿಂದ ಚಿಲಕ ಎಳೆದಳು.

ಹೊರಗೆ ನೇಗಿ ಆಂಟಿ ಒಂದು ಕೈಯಲ್ಲಿ ನಿಜವಾಗಿಯೂ ಹಾಲಿನ ಲೋಟ ಹಿಡಿದು ನಿಂತಿದ್ದರು. ಹಿಂದೆ ಅವರ ಗಂಡನ ತಾಯಿ, ಎದುರು ಮನೆಯವರು, ಮೆಟ್ಟಿಲ ಮೇಲೆ ಇನ್ನೂ ಇಬ್ಬರು. ಎಲ್ಲರೂ ಆ ಮಣಿಕಟ್ಟನ್ನೇ ನೋಡಿದರು. ಅತ್ತೆಯ ಗಂಡ ಕೈ ಬಿಟ್ಟರು. ಅತ್ತೆ ಎಲ್ಲರ ಎದುರು, ಈ ಊರಿಗೆ ಬಂದು ಮೊದಲ ಸಲ, ಹಿಂದಿಯಲ್ಲಿ ಮಾತಾಡಿದಳು.

"ಮೈ ನಹೀಂ ಜಾತಾ."

ನಾನು ಹೋಗುವುದಿಲ್ಲ ಎಂದು. ಗಂಡಸರು ಹೇಳುವ ರೂಪದಲ್ಲಿ ಹೇಳಿದ್ದಳು. ಯಾರೂ ನಗಲಿಲ್ಲ. ನೇಗಿ ಆಂಟಿ ಒಳಗೆ ಬಂದು ಆ ಬೆತ್ತದ ಕುರ್ಚಿಯ ಮೇಲೆ ಕೂತು, ಈ ಮನೆಯ ಯಜಮಾನರು ಬರುವವರೆಗೆ ತಾನು ಏಳುವುದಿಲ್ಲವೆಂದೂ ಇವರು ಬೇಕಾದರೆ ಕೆಳಗೆ ಪಾರ್ಕಿನ ಬೆಂಚಿನ ಮೇಲೆ ಕಾಯಬಹುದೆಂದೂ ನನ್ನಿಂದ ಕನ್ನಡದಲ್ಲಿ ಹೇಳಿಸಿದರು. ನಾನು ಹೇಳಿದೆ. ಅತ್ತೆಯ ಗಂಡ ಅಂಗಿ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ನನ್ನ ಕಡೆ ತಿರುಗಿ ಮತ್ತೆ ಆ ನಯವಾದ ದನಿಯಲ್ಲಿ, "ಅಪ್ಪಂಗೆ ಹೇಳಮ್ಮ, ಬಂದಿದ್ದೆ ಅಂತ," ಎಂದು ಇಳಿದು ಹೋದರು. ಬಾಲ್ಕನಿಯಿಂದ ನೋಡಿದರೆ ಪಾರ್ಕಿನಲ್ಲಿ ಯಾರೂ ಇರಲಿಲ್ಲ. ಅದರಿಂದ ನನಗೆ ಧೈರ್ಯ ಬರಲಿಲ್ಲ. ಎಲ್ಲಿದ್ದಾರೆಂದು ತಿಳಿಯದಂತಾಯಿತಲ್ಲ ಎಂದೇ ಅನ್ನಿಸಿತು.

ಅಮ್ಮ ಅಪ್ಪ ಬರುವ ಹೊತ್ತಿಗೆ ನಾನು ಅತ್ತೆಯ ಸೆರಗು ಹಿಡಿದು ಕೂತಿದ್ದೆ. ಬಾಗಿಲು ತೆಗೆದವಳು ನಾನೆಂದು ಅತ್ತೆ ಹೇಳಿಬಿಡುತ್ತಾಳೆ, ನಾನು ಹೇಳಬೇಕು, ಅವಳಿಗಿಂತ ಮೊದಲು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಆಂಟಿ ಅಮ್ಮನಿಗೆ ನಡೆದುದನ್ನೆಲ್ಲ ಹೇಳಿ ಮೇಲೆ ಹೋದರು. ಅಪ್ಪ ಬೂಟು ಬಿಚ್ಚುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ್ದ.

"ಅಪ್ಪ, ನಾನೇ ಬೋಲ್ಟು ತೆಗೆದೆ," ಎಂದೆ. "ನೀವೇ ವಿಳಾಸ ಕೊಟ್ಟಿದ್ದು ಅಂತ ಸುಳ್ಳು ಹೇಳಿದ್ರು."

ಅಮ್ಮ ಅಪ್ಪನತ್ತ ತಿರುಗಿದಳು. ರತ್ನತ್ತೆ ನೆಲ ನೋಡುತ್ತಲೇ ಕೇಳಿದಳು.

"ಅಣ್ಣ, ಸುಳ್ಳಾ?"

ಕೂಲರ್ ತಿರುಗುತ್ತಿತ್ತು. ಅಪ್ಪನ ಕೈಯಲ್ಲಿ ಒಂದು ಬೂಟಿತ್ತು.

"ಆಫೀಸಿಗೆ ಫೋನ್ ಮಾಡ್ತಿದ್ದ," ಎಂದ ಕೊನೆಗೆ. "ನಾಲ್ಕು ಸಲ ಮಾಡಿದ. ಅಳ್ತಿದ್ದ. ಮಾತಾಡಿ ಬುದ್ಧಿ ಹೇಳೋಣ, ಭಾನುವಾರ ನಾನಿದ್ದಾಗ ಬಾ ಅಂದಿದ್ದೆ. ಬದಲಾಗಿದ್ದಾನೆ ಅಂದ್ಕೊಂಡೆ ರತ್ನಾ."

ಆ ದಿನದ ಭಯಗಳಲ್ಲೆಲ್ಲ ದೊಡ್ಡದು ಇದು. ಆ ಮನುಷ್ಯ ಚಿಲಕ ಹಾಕಿದಾಗ ಕೋಲಿಗಾದರೂ ಕೈ ಹಾಕಿದ್ದೆ. ಈಗ ಒಳಗೇ ಏನೋ ಕಳಚಿಬಿತ್ತು. ಅಪ್ಪ ನನಗೆ ಒಂದು ಏಟೂ ಹೊಡೆದವನಲ್ಲ. ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಲೂ ನಾಚುತ್ತಿದ್ದ. ಒಳ್ಳೆಯವನಾಗಿದ್ದುಕೊಂಡೇ, ಒಳ್ಳೆಯದಾಗಲೆಂದುಕೊಂಡೇ, ಆ ಮನುಷ್ಯನಿಗೆ ನಮ್ಮ ಮನೆಯ ನಂಬರು ಬರೆಸಿದ್ದ. ನಾನು ಓದಿದ ಯಾವ ಪುಸ್ತಕದಲ್ಲೂ ಇಂಥವನಿರಲಿಲ್ಲ. ಅವನನ್ನು ಹೇಗೆ ಗುರುತು ಹಿಡಿಯಬೇಕೆಂದು ಯಾರೂ ಬರೆದಿರಲಿಲ್ಲ. ನಾನು ಅಮ್ಮನ ಪಕ್ಕಕ್ಕೆ ಹೋಗಿ ನಿಂತೆ. ಅಮ್ಮ ಮೇಜಿನ ಮೇಲಿದ್ದ ಸಿಹಿಯ ಡಬ್ಬವನ್ನು ತೆಗೆದುಕೊಂಡು ಹೋಗಿ ಕಸದ ಬಕೆಟ್ಟಿಗೆ ಹಾಕಿ, ಕೈ ತೊಳೆದು ಬಂದು ಹೇಳಿದಳು.

"ನಾನು ದಾರಿ ಮಾಡಿ ಅಂದಿದ್ದು ಇದಲ್ಲ. ಕೆಲಸ ಏನಾದ್ರೂ ಹುಡುಕಿ ಅಂತ. ಇನ್ನು ನೀವು ಸುಮ್ನಿರಿ, ನಾನು ನೋಡ್ಕೋತೀನಿ."

ನೋಡಿಕೊಂಡಳು ಕೂಡ. ಬ್ಲಾಕಿನ ಹಿಂದೆ ಉದ್ಯೋಗಸ್ಥ ಹೆಂಗಸರ ಮಕ್ಕಳನ್ನು ಬಿಡುವ ಒಂದು ಶಿಶುವಿಹಾರವಿತ್ತು. ನೇಗಿ ಆಂಟಿಯ ಜೊತೆ ಹೋಗಿ ಮಾತಾಡಿ ಅತ್ತೆಯನ್ನು ಅಲ್ಲಿ ಸೇರಿಸಿದಳು. ಮಕ್ಕಳೇ ಅತ್ತೆಗೆ ಹಿಂದಿ ಕಲಿಸಿದವು. ಆ ಮನುಷ್ಯನಿಂದ ಎರಡು ಪತ್ರ ಬಂದವು, ಅತ್ತೆ ಒಡೆಯದೆ ವಾಪಸು ಕಳಿಸಿದಳು. ಮತ್ತೆ ಬರಲಿಲ್ಲ. ಬರಲಿಲ್ಲವೆಂದು ಈಗ ಹೇಳಬಹುದು. ಆಗ ಪ್ರತಿ ಮಧ್ಯಾಹ್ನವೂ ಬಂದೇ ಬರುತ್ತಾರೆ ಅನ್ನಿಸುತ್ತಿತ್ತು. ಮಳೆ ಶುರುವಾಗುವವರೆಗೂ ನಾನು ಒಂದು ಕಾದಂಬರಿಯನ್ನೂ ಮುಟ್ಟಲಿಲ್ಲ. ಅತ್ತೆಯೇ ಒಂದು ದಿನ ಕೆಲಸದಿಂದ ಬಂದು ಚಾಪೆ ಹಾಸಿ, ಆ ಅರ್ಧ ಓದಿದ ಪುಸ್ತಕವನ್ನು ನನ್ನ ಕೈಗಿಟ್ಟು, "ಓದೇ, ಆ ದೋಣಿ ಏನಾಯ್ತೋ ನೋಡೋಣ," ಎಂದಳು.

ಅಣ್ಣ ತಂಗಿ ಆ ವಿಷಯವನ್ನು ಮತ್ತೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಅತ್ತೆ ಅವನಿಗೆ ಎಂದಿನಂತೆ ಬಡಿಸುತ್ತಿದ್ದಳು. ಅಪ್ಪ ಎಂದಿನಂತೆ ಭಾನುವಾರ ಪುಸ್ತಕ ತರುತ್ತಿದ್ದ. ಬದಲಾದದ್ದು ಒಂದೇ. ಸಂಜೆ ಆಫೀಸಿನಿಂದ ಬಂದವನು ಅವತ್ತಿನಿಂದ ಜಾಲಿಯನ್ನು ಬಡಿಯಲಿಲ್ಲ. ಮೆಟ್ಟಿಲ ಕೊನೆಯಲ್ಲಿ ನಿಂತು, "ರತ್ನಾ, ನಾನು," ಎನ್ನುತ್ತಿದ್ದ. ಅವಳು ಬಂದು ಬೋಲ್ಟು ತೆಗೆಯುವವರೆಗೂ ಕಾಯುತ್ತಿದ್ದ. ಈಗ ಅತ್ತೆ ಘಾಜಿಯಾಬಾದಿನ ತನ್ನದೇ ಒಂದು ಕೋಣೆಯ ಫ್ಲಾಟಿನಲ್ಲಿದ್ದಾಳೆ. ತಿಂಗಳಿಗೊಮ್ಮೆ ನಾನು ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಬಾಗಿಲಿಗೆ ಕಾಲಿಂಗ್ ಬೆಲ್ ಇದೆ. ಅಪ್ಪ ಅದನ್ನು ಒತ್ತುವುದಿಲ್ಲ, ನನ್ನನ್ನೂ ಒತ್ತಲು ಬಿಡುವುದಿಲ್ಲ. ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ನಿಂತು, ಅವಳ ಬಲಗಿವಿಗೆ ಕೇಳುವಷ್ಟು ಜೋರಾಗಿ ತಾನು ಬಂದಿದ್ದೇನೆಂದು ಹೇಳುತ್ತಾನೆ, ಆಮೇಲೆ ಕಾಯುತ್ತಾನೆ.